ಹಿಟ್ಟಿನ ಕೋಳಿಯ ಕೂಗು
ಜನ್ನನ ‘ಯಶೋಧರ ಚರಿತೆ’ಯಲ್ಲಿ ಇಚ್ಛೆ, ವಿಧಿ ಮತ್ತು ಕೇಡು

ದೇವರು ಕರುಣಾಳು, ದೇವರು ಸರ್ವಶಕ್ತ, ಆದರೂ ಲೋಕದಲ್ಲಿ ಕೇಡು ಇದೆ. ಈ ಮೂರು ಮಾತುಗಳನ್ನೂ ಒಟ್ಟಿಗೆ ನಂಬುವುದು ಹೇಗೆಂಬ ಪ್ರಶ್ನೆ ಆಸ್ತಿಕರನ್ನು ಬಹು ಹಿಂದಿನಿಂದಲೂ ಕಾಡುತ್ತ ಬಂದಿದೆ. ಪಶ್ಚಿಮದಲ್ಲಿ ಸಂತ ಅಗಸ್ಟೀನ್ ಕೊಟ್ಟ ಉತ್ತರ ಪ್ರಸಿದ್ಧವಾದದ್ದು: ದೇವರು ಮನುಷ್ಯನಿಗೆ ಸ್ವತಂತ್ರವಾದ ಇಚ್ಛೆಯನ್ನು ಕೊಟ್ಟ, ಮನುಷ್ಯ ಅದನ್ನು ಕೆಡಿಸಿಕೊಂಡ, ಕೇಡಿನ ಹೊಣೆ ಅವನದೇ. ಆದರೆ ೧೭೫೫ರಲ್ಲಿ ಲಿಸ್ಬನ್ ನಗರ ಭೂಕಂಪದಲ್ಲಿ ನೆಲಸಮವಾದಾಗ ವಾಲ್ಟೇರನಂಥವರಿಗೆ ಈ ಉತ್ತರ ಸಾಲದಾಯಿತು. ಭೂಮಿ ನಡುಗಿದ್ದು ಯಾರ ಇಚ್ಛೆಯಿಂದ? ನಮ್ಮ ವೇದಾಂತಿಗಳು ಈ ಆಕ್ಷೇಪವನ್ನು ಮೊದಲೇ ಊಹಿಸಿದ್ದರು. ಒಬ್ಬನನ್ನು ಸುಖಿಯಾಗಿ, ಇನ್ನೊಬ್ಬನನ್ನು ದುಃಖಿಯಾಗಿ ಹುಟ್ಟಿಸುವ ಈಶ್ವರನಿಗೆ ಪಕ್ಷಪಾತದ ದೋಷವೂ ನಿಷ್ಕರುಣೆಯ ದೋಷವೂ ತಗಲುವುದಿಲ್ಲವೆ ಎಂದು ಬ್ರಹ್ಮಸೂತ್ರಗಳು ಕೇಳಿಕೊಂಡು, ಇಲ್ಲ, ಈಶ್ವರನು ಜೀವರ ಕರ್ಮವನ್ನು ನೋಡಿಯೇ ಫಲ ಕೊಡುತ್ತಾನೆ, ಆ ಕರ್ಮಕ್ಕೆ ಮೊದಲಿಲ್ಲ ಎಂದು ಸಮಾಧಾನ ಹೇಳುತ್ತವೆ. ಇದಕ್ಕೆ ಜೈನರ ಮರುಮಾತು ಸರಳವಾದದ್ದು: ಎಲ್ಲವನ್ನೂ ಕರ್ಮವೇ ನಡೆಸುವುದಾದರೆ ನಡುವೆ ಈಶ್ವರನೇಕೆ? ಪಂಪನ ‘ಆದಿಪುರಾಣ’ಕ್ಕೆ ಆಕರವಾದ ಕೃತಿಯಲ್ಲಿ ಜಿನಸೇನಾಚಾರ್ಯರು ಸೃಷ್ಟಿಕರ್ತನಿದ್ದಾನೆಂಬ ವಾದವನ್ನು ಒಂಬತ್ತನೆಯ ಶತಮಾನದಲ್ಲಿಯೇ ಎಳೆ ಎಳೆಯಾಗಿ ಖಂಡಿಸಿದ್ದಾರೆ.

ಈ ವಾದಗಳನ್ನು ದರ್ಶನಗ್ರಂಥಗಳಲ್ಲಿ ಮಾತ್ರ ಹುಡುಕಬೇಕಾಗಿಲ್ಲ. ಬೇಲೂರು, ಹಳೇಬೀಡು, ಅರಸೀಕೆರೆಗಳ ನಡುವಣ ನೆಲದಲ್ಲಿ ಅವು ಕಲ್ಲಿನಲ್ಲಿ ನಿಂತಿವೆ. ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನ ಗರ್ಭಗುಡಿಯ ಬಾಗಿಲಲ್ಲಿ ಜಯವಿಜಯರಿದ್ದಾರೆ. ಅದೇ ಗುಡಿಯ ಶಿಲ್ಪಗಳಲ್ಲಿ ಹಿರಣ್ಯಕಶಿಪುವಿನ ಕರುಳು ಬಗೆಯುವ ನರಸಿಂಹನೂ ಇದ್ದಾನೆ. ಪುರಾಣ ಬಲ್ಲವರಿಗೆ ಇವು ಎರಡು ಬೇರೆ ಬೇರೆ ಶಿಲ್ಪಗಳಲ್ಲ. ಬಾಗಿಲು ಕಾಯುವವನೇ ಶಾಪದಿಂದ ದೈತ್ಯನಾದವನು. ಮಿತ್ರನಾಗಿ ಹಲವು ಜನ್ಮ ಬೇಡ, ಶತ್ರುವಾಗಿ ಮೂರೇ ಜನ್ಮ ಸಾಕೆಂದು ತಾನೇ ಆರಿಸಿಕೊಂಡವನು. ಕೇಡೆಂಬುದು ದೇವರ ಮನೆಯ ಬಾಗಿಲಿನಿಂದಲೇ ಹೊರಟು ಅಲ್ಲಿಗೇ ಮರಳುವ ಒಂದು ಸುತ್ತು ಎಂಬುದು ವೈಷ್ಣವ ಪುರಾಣದ ಉತ್ತರ. ಅಲ್ಲಿಂದ ೧೬ ಕಿಲೋಮೀಟರು ದೂರದ ಹಳೇಬೀಡಿನಲ್ಲಿ, ಹೊಯ್ಸಳೇಶ್ವರನ ಗುಡಿಗೆ ಅನತಿದೂರದ ಬಸ್ತಿಹಳ್ಳಿಯಲ್ಲಿ, ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ ೧೧೩೩ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯಿದೆ. ಅಲ್ಲಿ ನಿಂತಿರುವ ಜಿನ ಯಾರನ್ನೂ ಸೃಷ್ಟಿಸಿದವನಲ್ಲ, ಯಾರನ್ನೂ ದಂಡಿಸುವವನಲ್ಲ, ಬೇಡಿದರೆ ಕ್ಷಮಿಸುವವನೂ ಅಲ್ಲ. ಅರಸೀಕೆರೆಯಲ್ಲಿಯೂ ಹೀಗೆಯೇ. ನಕ್ಷತ್ರದ ವಿನ್ಯಾಸದ ಮಂಟಪವುಳ್ಳ ಈಶ್ವರನ ಗುಡಿಯೂ, ರೇಚರಸ ದಂಡನಾಥ ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ ಒಂದೇ ಊರಿನಲ್ಲಿ, ಸುಮಾರು ೧೨೨೦ರ ಆಸುಪಾಸಿನಲ್ಲಿ ಎದ್ದವು. ಒಂದೇ ಕೆರೆಯ ನೀರು ಕುಡಿಯುವ ಜನ ಕೇಡಿನ ಬಗೆಗೆ ಬೇರೆ ಬೇರೆ ಉತ್ತರಗಳನ್ನು ನಂಬಿ ಬಾಳಿದರು.

ಇಂಥ ನಾಡಿನ ರಾಜಧಾನಿಯಲ್ಲಿದ್ದುಕೊಂಡು ವೀರಬಲ್ಲಾಳನ ಆಸ್ಥಾನಕವಿ ಜನ್ನ ೧೨೦೯ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದ. ನಾಲ್ಕು ಅವತಾರಗಳ, ಬಹುಮಟ್ಟಿಗೆ ಕಂದಪದ್ಯಗಳಲ್ಲೇ ನಡೆಯುವ ಚಿಕ್ಕ ಕಾವ್ಯ. ಕತೆ ಅವನದಲ್ಲ. ಸೋಮದೇವ ೯೫೯ರಲ್ಲಿ ಮುಗಿಸಿದ ‘ಯಶಸ್ತಿಲಕ’, ಪುಷ್ಪದಂತನ ಅಪಭ್ರಂಶ ಕಾವ್ಯ, ವಾದಿರಾಜನ ಸಂಸ್ಕೃತ ಕಾವ್ಯ ಇವೆಲ್ಲ ಅವನಿಗಿಂತ ಹಿಂದಿನವು. ಆದರೂ ಇಚ್ಛೆಯ ಸ್ವಾತಂತ್ರ್ಯ ಎಂಬ ಸಮಸ್ಯೆಯನ್ನು ಹಳಗನ್ನಡದಲ್ಲಿ ಇಷ್ಟು ಹತ್ತಿರದಿಂದ ಮುಟ್ಟಿದ ಕಾವ್ಯ ಇನ್ನೊಂದಿಲ್ಲವೆಂದು ನನ್ನ ಭಾವನೆ. ಅದನ್ನು ನಾವು ಬೇರೊಂದು ಕಡೆಯಿಂದ ಓದುತ್ತ ಬಂದಿರುವುದರಿಂದ ಈ ಅಂಶ ಮರೆಯಾಗಿದೆ.

ಕತೆಯನ್ನು ನೆನಪಿಗೆ ತಂದುಕೊಳ್ಳೋಣ. ರಾಜಪುರದ ಅರಸು ಮಾರಿದತ್ತ ಚಂಡಮಾರಿಗೆ ಬಲಿ ಕೊಡಲು ಸಿದ್ಧನಾಗಿದ್ದಾನೆ. ನರಬಲಿಗೆಂದು ಅವನ ತಳವಾರ ಹಿಡಿದು ತಂದವರು ಅಭಯರುಚಿ, ಅಭಯಮತಿ ಎಂಬ ಅಣ್ಣತಂಗಿ, ಸುದತ್ತಾಚಾರ್ಯರ ಶಿಷ್ಯರು. ಕತ್ತಿಯ ಎದುರಿಗೂ ಅಳುಕದ ಈ ಮಕ್ಕಳನ್ನು ಕಂಡು ಅರಸನಿಗೆ ಅಚ್ಚರಿಯಾಗುತ್ತದೆ. ಅವನು ಕೇಳಿದಾಗ ಅಭಯರುಚಿ ತಮ್ಮ ಹಿಂದಿನ ಜನ್ಮಗಳ ಕತೆ ಹೇಳುತ್ತಾನೆ. ತಾನು ಉಜ್ಜಯಿನಿಯ ಯಶೋಧರನಾಗಿದ್ದೆ. ಈ ತಂಗಿ ಆಗ ನನ್ನ ತಾಯಿ ಚಂದ್ರಮತಿ. ನನ್ನ ರಾಣಿ ಅಮೃತಮತಿ ಒಂದಿರುಳು ಮಾವುತ ಅಷ್ಟಾವಂಕನ ಹಾಡು ಕೇಳಿದಳು; ಕಣ್ಣಿನಿಂದ ಕಾಣುವ ಮುನ್ನವೇ ಮನಸೋತಳು. ಅವನು ಕುರೂಪಿಯೆಂದು ದೂತಿ ಬಂದು ಹೇಳಿದರೂ ಅವಳ ಮನಸ್ಸು ತಿರುಗಲಿಲ್ಲ. ಒಂದು ರಾತ್ರಿ ಅರಸು ಹಿಂಬಾಲಿಸಿ ಹೋಗಿ ಎಲ್ಲವನ್ನೂ ಕಣ್ಣಾರೆ ಕಂಡ. ಕತ್ತಿ ಹಿರಿದ, ಆದರೆ ತಡೆದುಕೊಂಡ. ಬೆಳಗ್ಗೆ ತಾಯಿಯೆದುರು ನಿಜ ಹೇಳಲಾರದೆ ಕೆಟ್ಟ ಕನಸು ಕಂಡೆನೆಂದ. ಶಾಂತಿಗಾಗಿ ದೇವಿಗೆ ಬಲಿ ಕೊಡೆಂದು ತಾಯಿ ಹೇಳಿದಳು. ಜೀವಬಲಿ ಕೂಡದೆಂದು ಮಗ ಹಟ ಹಿಡಿದ. ಹಾಗಾದರೆ ಹಿಟ್ಟಿನ ಕೋಳಿಯನ್ನಾದರೂ ಕಡಿ ಎಂದಳು. ಒಪ್ಪಿದ. ಅಂದವಾಗಿ ಬಣ್ಣ ಬಳಿದ ಆ ಕೋಳಿಯೊಳಗೆ ಒಂದು ಬೆಂತರ ಸೇರಿಕೊಂಡಿತ್ತು. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗಿತು. ಅರಸು ನೊಂದು ವಿರಕ್ತನಾಗಿ ಹೊರಡಲಿದ್ದಾಗ ಅಮೃತಮತಿ ಅವನಿಗೂ ಅತ್ತೆಗೂ ವಿಷವಿಕ್ಕಿದಳು. ಮುಂದೆ ತಾಯಿಮಕ್ಕಳು ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು ಹೀಗೆ ಹುಟ್ಟುತ್ತ, ಒಬ್ಬರನ್ನೊಬ್ಬರು ಅರಿಯದೆ ಕಚ್ಚುತ್ತ, ಸಾಯುತ್ತ ಹೋದರು.

ನಮ್ಮ ಪಠ್ಯಪುಸ್ತಕಗಳೂ ಪರೀಕ್ಷೆಯ ಪ್ರಶ್ನೆಗಳೂ ಬಹುಕಾಲ ನಿಂತದ್ದು ಎರಡೇ ಕಡೆ. ಒಂದು, ಅಮೃತಮತಿಯ ಚಾಪಲ್ಯ. ಇನ್ನೊಂದು, ಅಹಿಂಸೆಯ ಉಪದೇಶ. ಮೊದಲನೆಯದು ಕಾವ್ಯವನ್ನು ಹೆಣ್ಣಿನ ಮೇಲಣ ದೂರಾಗಿ ಮಾಡಿತು. ಎರಡನೆಯದು ಧರ್ಮಪ್ರಚಾರದ ಕತೆಯಾಗಿ ಮಾಡಿತು. ಇವೆರಡೂ ಕಾವ್ಯದಲ್ಲಿಲ್ಲವೆಂದು ನಾನು ಹೇಳಲಾರೆ. ಆದರೆ ಕಾವ್ಯದ ಕೀಲು ಇರುವುದು ಇವೆರಡರಲ್ಲಿಯೂ ಅಲ್ಲ. ಯಶೋಧರ ‘ಆಗಲಿ’ ಎಂದ ಗಳಿಗೆಯಲ್ಲಿ.

ಕಾವ್ಯದಲ್ಲಿ ಯಶೋಧರನ ಕೈಗೆ ಕತ್ತಿ ಎರಡು ಸಲ ಬರುತ್ತದೆ. ಮೊದಲ ಸಲ ಎದುರಿಗೆ ಇರುವವರು ನಿಜವಾದ ತಪ್ಪಿತಸ್ಥರು. ಕೊಲ್ಲಲು ಕಾರಣವಿದೆ, ಅಧಿಕಾರವಿದೆ, ಕೋಪವಿದೆ. ಲೋಕ ಅವನನ್ನು ದೂರುತ್ತಲೂ ಇರಲಿಲ್ಲ. ಅಲ್ಲಿ ಅವನು ಕೊಲ್ಲುವುದಿಲ್ಲ. ಎತ್ತಿದ ಕೈಯನ್ನು ವಿವೇಕ ಹಿಡಿಯುತ್ತದೆ. ಎರಡನೆಯ ಸಲ ಎದುರಿಗಿರುವುದು ಹಿಟ್ಟು. ಕೊಲ್ಲಲು ಕೋಪವಿಲ್ಲ, ಕಾರಣವಿಲ್ಲ, ನಂಬಿಕೆಯೂ ಇಲ್ಲ. ಅಲ್ಲಿ ಕಡಿಯುತ್ತಾನೆ. ಕಾವ್ಯ ಜನ್ಮಾಂತರಗಳ ಭಾರವನ್ನೆಲ್ಲ ಹೊರಿಸುವುದು ಈ ಎರಡನೆಯದರ ಮೇಲೆ. ಮನುಷ್ಯನ ಇಚ್ಛೆ ಎಲ್ಲಿ ಸ್ವತಂತ್ರ, ಎಲ್ಲಿ ಜಾರುತ್ತದೆ ಎಂಬುದನ್ನು ಕವಿ ಇಲ್ಲಿ ತೂಗಿ ನೋಡಿದ್ದಾನೆ. ದೊಡ್ಡ ಪ್ರಲೋಭನದ ಎದುರಿಗೆ ನಾವು ಎಚ್ಚರವಾಗಿರುತ್ತೇವೆ. ಸಣ್ಣ ರಾಜಿಯ ಎದುರಿಗೆ ಎಚ್ಚರ ತಪ್ಪುತ್ತೇವೆ. ಅದೂ ಆ ರಾಜಿ ಪ್ರೀತಿಯ ಬಾಯಿಂದ, ತಾಯಿಯ ಬಾಯಿಂದ ಬಂದಾಗ.

ಇನ್ನೂ ಹಿಂದಕ್ಕೆ ಹೋಗಬಹುದು. ಜಾರಿಕೆಯ ಮೊದಲ ಹೆಜ್ಜೆ ಕೋಳಿಯೂ ಅಲ್ಲ, ಕನಸು. ಕಂಡದ್ದನ್ನು ಕಂಡಂತೆ ತಾಯಿಗೆ ಹೇಳಿದ್ದರೆ ಶಾಂತಿಯ ಮಾತೇ ಏಳುತ್ತಿರಲಿಲ್ಲ. ಮಾನಕ್ಕೆ ಅಂಜಿ ಅವನು ನಿಜಕ್ಕೆ ಕನಸಿನ ವೇಷ ಹಾಕಿದ. ತಾಯಿ ಆ ಕನಸಿಗೆ ತಕ್ಕ ಪರಿಹಾರವನ್ನೇ ಹೇಳಿದಳು. ಸುಳ್ಳು ಕನಸಿಗೆ ಸುಳ್ಳು ಕೋಳಿ. ಆದರೆ ಕತ್ತಿ ಮಾತ್ರ ನಿಜವಾದದ್ದು. ಕಡಿಯುವ ಮನಸ್ಸೂ ನಿಜವಾದದ್ದು. ಜೈನರು ಹಿಂಸೆಯನ್ನು ದ್ರವ್ಯಹಿಂಸೆ, ಭಾವಹಿಂಸೆ ಎಂದು ವಿಂಗಡಿಸುತ್ತಾರೆ. ಪ್ರಾಣ ಹೋಗುವುದು ದ್ರವ್ಯಹಿಂಸೆ. ಕೊಲ್ಲುವ ಸಂಕಲ್ಪ ಭಾವಹಿಂಸೆ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಮೊದಲು ಹಿಡಿಯುತ್ತದೆ. ಯಶೋಧರನದು ಕ್ರೌರ್ಯವಲ್ಲ, ಪ್ರಮಾದ. ಶಾಸ್ತ್ರದ ಈ ಒಂದು ಪದ ಕಾವ್ಯದಲ್ಲಿ ಒಬ್ಬ ಮನುಷ್ಯನ ಬೆಳಗಾಗಿ ಬಿಚ್ಚಿಕೊಂಡಿದೆ.

ಹೀಗೆಂದ ಕೂಡಲೇ ಏಳುವ ಆಕ್ಷೇಪವನ್ನು ನಾನು ತರಗತಿಯಲ್ಲಿ ಕೇಳಿದ್ದೇನೆ. “ಹಿಟ್ಟು ಕಡಿದದ್ದಕ್ಕೆ ಇಷ್ಟು ಜನ್ಮದ ಶಿಕ್ಷೆಯೆ, ಸಾರ್? ಇದು ನ್ಯಾಯವೆ?” ಎಂದು ಒಬ್ಬ ಹುಡುಗಿ ಕೇಳಿದಳು. ಸಂದೇಹವಿಲ್ಲ, ಇದು ನ್ಯಾಯವಲ್ಲ. ಯಾವ ನ್ಯಾಯಾಧೀಶನೂ ಹೀಗೆ ತೀರ್ಪು ಕೊಡಲಾರ. ಆದರೆ ಜನ್ನನ ಲೋಕದಲ್ಲಿ ನ್ಯಾಯಾಧೀಶನೇ ಇಲ್ಲವೆಂಬುದನ್ನು ಮರೆಯಬಾರದು. ಅಲ್ಲಿ ಬಿತ್ತಿದ್ದು ಬೆಳೆಯುತ್ತದೆ, ಅಷ್ಟೆ. ಆಲದ ಬೀಜ ಸಣ್ಣದು, ಮರ ದೊಡ್ಡದು; ಇದು ಅನ್ಯಾಯವೆಂದು ಯಾರೂ ಬೀಜದ ಮೇಲೆ ಮೊಕದ್ದಮೆ ಹೂಡುವುದಿಲ್ಲ. ಸೃಷ್ಟಿಕರ್ತನನ್ನು ತೆಗೆದುಹಾಕಿದ ಮತಕ್ಕೆ ಕೇಡಿನ ಸಮಸ್ಯೆ ಇಲ್ಲವೆಂದು ಕೆಲವರು ಹೇಳುವುದುಂಟು. ಸಮಸ್ಯೆ ಹೋಗುವುದಿಲ್ಲ, ರೂಪ ಬದಲಿಸುತ್ತದೆ. ‘ದೇವರೇ, ನನಗೇಕೆ ಹೀಗೆ ಮಾಡಿದೆ?’ ಎಂದು ಕೇಳಲು ಅಲ್ಲಿ ಯಾರೂ ಇಲ್ಲ. ದೂರುವುದಕ್ಕೆ ಯಾರೂ ಇಲ್ಲವೆಂದರೆ ಕ್ಷಮಿಸುವುದಕ್ಕೂ ಯಾರೂ ಇಲ್ಲವೆಂದಾಯಿತು. ಹೊಣೆಯೆಲ್ಲ ಮನುಷ್ಯನ ಹೆಗಲ ಮೇಲೆ. ಇಂಥ ಸ್ವಾತಂತ್ರ್ಯ ಎಷ್ಟು ಭಾರವಾದದ್ದು ಎಂಬುದೇ ‘ಯಶೋಧರ ಚರಿತೆ’ಯ ಕರುಣ.

ಆ ಜನ್ಮಗಳ ಸರಣಿಯನ್ನು ಬೇಸರದ ಪುನರಾವೃತ್ತಿಯೆಂದು ಕಡೆಗಣಿಸುವವರಿದ್ದಾರೆ. ಕಾವ್ಯದ ಆ ಭಾಗದಲ್ಲಿ ವೇಗವೇ ಹೆಚ್ಚು, ರಸ ಕಡಿಮೆ ಎಂಬುದು ನಿಜ. ಆದರೆ ಅದರ ಕೊನೆಯ ತಿರ್ಯಗ್ಜನ್ಮವನ್ನು ಗಮನಿಸಬೇಕು. ಹಿಟ್ಟಿನ ಕೋಳಿಯನ್ನು ಕಡಿದವರು, ಕಡಿಸಿದವರು ಕೊನೆಗೆ ತಾವೇ ಕೋಳಿಗಳಾಗಿ ಹುಟ್ಟುತ್ತಾರೆ. ಆ ಜನ್ಮದಲ್ಲಿ ಮುನಿಯ ಮಾತು ಕಿವಿಗೆ ಬಿದ್ದು, ಹಿಂದಿನದೆಲ್ಲ ನೆನಪಾಗಿ, ವ್ರತ ಹಿಡಿದು, ಸಂತೋಷದಿಂದ ಕೂಗುತ್ತವೆ. ಯಶೋಧರನ ಮಗ ಯಶೋಮತಿ ತನ್ನ ರಾಣಿಯೆದುರು ಶಬ್ದವೇಧಿಯ ಜಾಣ್ಮೆ ತೋರಿಸಲೆಂದು ಆ ಕೂಗಿಗೆ ಗುರಿಯಿಟ್ಟು ಬಾಣ ಬಿಡುತ್ತಾನೆ. ಸತ್ತ ಕೋಳಿಗಳು ಅವನ ತಂದೆ, ಅವನ ಅಜ್ಜಿ. ಮುಂದೆ ಅವನದೇ ಮಕ್ಕಳಾಗಿ, ಅಭಯರುಚಿ ಅಭಯಮತಿಯರಾಗಿ ಹುಟ್ಟಲಿರುವವರು. ಕಾವ್ಯದಲ್ಲಿ ಹೀಗೆ ಎರಡು ಕೂಗುಗಳಿವೆ. ಜೀವವಿಲ್ಲವೆಂದು ತಂದೆ ಕಡಿದದ್ದು ಕೂಗಿತು. ಜೀವವಿದೆಯೆಂದು ಕೂಗಿದ್ದನ್ನು ಮಗ ಬರಿಯ ಶಬ್ದವೆಂದು ಹೊಡೆದ. ಇಬ್ಬರಿಗೂ ದ್ವೇಷವಿರಲಿಲ್ಲ. ಒಬ್ಬನಿಗೆ ತಾಯಿಯ ಮನಸ್ಸು ನೋಯಬಾರದಿತ್ತು, ಇನ್ನೊಬ್ಬನಿಗೆ ಹೆಂಡತಿ ಮೆಚ್ಚಬೇಕಿತ್ತು. ಲೋಕದ ಕೇಡಿನಲ್ಲಿ ದುಷ್ಟರ ಪಾಲಿಗಿಂತ ಇಂಥವರ ಪಾಲು ಕಡಿಮೆಯೇನಲ್ಲ ಎಂಬ ಅರಿವು ಈ ಜೋಡಣೆಯಲ್ಲಿದೆ.

ಇಷ್ಟು ಹೇಳಿದ ಮೇಲೆ ಕಾವ್ಯದ ತೊಡಕನ್ನೂ ಹೇಳಬೇಕು. ಯಶೋಧರನಿಗೆ ಆಯ್ಕೆಯಿತ್ತು. ಅಮೃತಮತಿಗೆ ಇತ್ತೆ? ಅವಳು ಒಲಿದುದನ್ನು ಹೇಳುವಾಗ ಜನ್ನ ಕಾಮನ ಮಾಯೆಯನ್ನು ಮಾತ್ರವಲ್ಲ, ಅದರ ಬೆನ್ನಿಗೆ ನಿಂತ ವಿಧಿಯನ್ನೂ ಹೆಸರಿಸುತ್ತಾನೆ. ಇವೆರಡೂ ಕೂಡಿದಾಗ ಮನುಷ್ಯರು ಉಳಿಯುವರೆ ಎಂಬ ಮರುಕ ಆ ಪದ್ಯದಲ್ಲಿದೆ. ಆ ಇರುಳಿನ ಹಾಡು ಅವಳನ್ನು ಎಬ್ಬಿಸಿದ ಬಗೆಯನ್ನು ಅವನು ದ್ವೇಷದಿಂದ ಬರೆದಿಲ್ಲ. ರೂಪವನ್ನು ಮೀರಿದ ಒಲವು ಇರಬಹುದೆಂಬ ಮಾತನ್ನು ಅವಳ ಬಾಯಲ್ಲಿ ತಡವಿಲ್ಲದೆ ಆಡಿಸಿದ್ದಾನೆ. ಆದರೆ ಶಾಸ್ತ್ರಿಯ ಸರದಿ ಬಂದಾಗ ಅವಳನ್ನು ನರಕಕ್ಕೆ ಕಳಿಸುತ್ತಾನೆ. ವಿಷವಿಕ್ಕಿದವಳು ಅವಳು, ಅದಕ್ಕೆ ಫಲವಿರಲಿ. ಆದರೆ ತಾಯಿಮಕ್ಕಳಿಗೆ ಸಿಕ್ಕ ಕಲಿಕೆಯ ಅವಕಾಶ, ಮುನಿಯ ಮಾತು, ಮರುಹುಟ್ಟಿನ ನೆನಪು ಯಾವುದೂ ಅವಳಿಗಿಲ್ಲ. ಮೋಹನೀಯ ಕರ್ಮ ಉದಯಿಸಿದಾಗ ಬುದ್ಧಿ ಮಂಕಾಗುತ್ತದೆಂದು ಜೈನಸಿದ್ಧಾಂತ ಹೇಳುತ್ತದೆ; ಜೊತೆಗೆ ಪುರುಷಪ್ರಯತ್ನದಿಂದ ಅದನ್ನು ಗೆಲ್ಲಬಹುದೆಂದೂ ಹೇಳುತ್ತದೆ. ಯಶೋಧರನ ವಿಷಯದಲ್ಲಿ ಜನ್ನ ಎರಡನೆಯ ಮಾತನ್ನು ನಡೆಸಿ ತೋರಿಸಿದ. ಅಮೃತಮತಿಯ ವಿಷಯದಲ್ಲಿ ಮೊದಲನೆಯದನ್ನು ಹೇಳಿ ಸುಮ್ಮನಾದ. ಕವಿಯ ಕರುಣೆ ಶಾಸ್ತ್ರಿಯ ಲೆಕ್ಕವನ್ನು ಮೀರಲು ಹೊರಟು ನಿಂತುಬಿಟ್ಟಿದೆ. ಇದನ್ನು ಮುಚ್ಚಿಹಾಕಿ ಕಾವ್ಯವನ್ನು ಹೊಗಳುವುದು ವಿಮರ್ಶೆಯಾಗದು.

ಈ ತೊಡಕು ಜೈನರಿಗೆ ಮಾತ್ರ ಸೇರಿದ್ದಲ್ಲ. ಭಗವದ್ಗೀತೆಯ ಕೊನೆಯ ಅಧ್ಯಾಯದಲ್ಲಿ ಕೃಷ್ಣ ಮೊದಲು, ನೀನು ಒಲ್ಲೆನೆಂದರೂ ನಿನ್ನ ಪ್ರಕೃತಿ ನಿನ್ನನ್ನು ತೊಡಗಿಸುತ್ತದೆ, ಯಂತ್ರದ ಮೇಲೆ ಕೂತವರಂತೆ ಜೀವರನ್ನು ಈಶ್ವರ ತಿರುಗಿಸುತ್ತಾನೆ ಎನ್ನುತ್ತಾನೆ. ಅದಾದ ಮೇಲೆ, ಎಲ್ಲವನ್ನೂ ವಿಚಾರಮಾಡಿ ನಿನ್ನ ಇಷ್ಟದಂತೆ ಮಾಡು ಎನ್ನುತ್ತಾನೆ. ಎರಡೂ ಮಾತು ಒಂದೇ ಉಸಿರಿನಲ್ಲಿ. ಆಚಾರ್ಯರು ತಮತಮಗೆ ಬೇಕಾದ ಕಡೆಗೆ ಒತ್ತು ಕೊಟ್ಟರು. ಅರ್ಜುನ ಮಾತ್ರ ಎರಡನ್ನೂ ಕೇಳಿಸಿಕೊಂಡು ಬಿಲ್ಲು ಹಿಡಿಯಬೇಕಾಯಿತು.

ಜನ್ನನ ಪಕ್ಕದಲ್ಲಿ ರಾಘವಾಂಕನನ್ನು ಇಟ್ಟು ನೋಡಿದರೆ ಇಬ್ಬರ ಉತ್ತರಗಳ ಅಂತರ ತಿಳಿಯುತ್ತದೆ. ಅವನ ಸೋದರಮಾವ ಹಾಗೂ ಗುರು ಹರಿಹರ ದೋರಸಮುದ್ರದಲ್ಲಿ ಕರಣಿಕನಾಗಿದ್ದು, ಆ ಚಾಕರಿಯನ್ನು ಬಿಟ್ಟು ಹಂಪೆಯ ವಿರೂಪಾಕ್ಷನ ಸನ್ನಿಧಿಗೆ ಹೋದನೆಂದು ಐತಿಹ್ಯ. ‘ಹರಿಶ್ಚಂದ್ರ ಕಾವ್ಯ’ದಲ್ಲಿಯೂ ಒಬ್ಬ ಅರಸು, ಒಬ್ಬ ಚಂದ್ರಮತಿ, ಎತ್ತಿದ ಕತ್ತಿ ಇವೆ. ಅಲ್ಲಿ ಚಂದ್ರಮತಿ ಹೆಂಡತಿ. ಅರಸನ ಮೇಲೆ ಬರುವ ಕೇಡಿಗೆ ಅವನ ಕರ್ಮ ಕಾರಣವಲ್ಲ. ದೇವಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರ ನಡುವೆ ಬಿದ್ದ ಪಂಥ. ರಾಜ್ಯ ಹೋಗುತ್ತದೆ, ಹೆಂಡತಿ ಮಾರಾಟವಾಗುತ್ತಾಳೆ, ಮಗ ಹಾವು ಕಚ್ಚಿ ಸಾಯುತ್ತಾನೆ. ಕತ್ತಿ ಎತ್ತಿದ ಗಳಿಗೆಯಲ್ಲಿ ವಿಶ್ವೇಶ್ವರ ಪ್ರತ್ಯಕ್ಷನಾಗಿ ಎಲ್ಲವನ್ನೂ ಮರಳಿ ಕೊಡುತ್ತಾನೆ. ಸತ್ತ ಲೋಹಿತಾಶ್ವನೂ ಏಳುತ್ತಾನೆ. ಓದುಗನಿಗೆ ಕಣ್ಣು ತುಂಬಿ ಬರುತ್ತದೆ, ನೆಮ್ಮದಿಯೂ ಆಗುತ್ತದೆ. ಆದರೆ ಪುಸ್ತಕ ಮುಚ್ಚಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ: ಸ್ಮಶಾನದಲ್ಲಿ ಆ ತಾಯಿ ಅತ್ತದ್ದು ಒಂದು ಪರೀಕ್ಷೆಗಾಗಿಯೆ? ಮಗು ಎದ್ದು ಕೂತರೂ ಅತ್ತ ಆ ಇರುಳು ಅಳಿಯುತ್ತದೆಯೆ? ರಾಘವಾಂಕನಲ್ಲಿ ಕೇಡಿಗೆ ಕೊನೆಯಿದೆ, ಆದರೆ ಅದರ ಕಾರಣ ನಮ್ಮನ್ನು ನೋಯಿಸುತ್ತದೆ. ಜನ್ನನಲ್ಲಿ ಕಾರಣ ಸ್ಪಷ್ಟವಾಗಿದೆ, ಆದರೆ ಅದರ ಕೊನೆ ಬಹು ದೂರ. ಇವೆರಡರಲ್ಲಿ ಒಂದನ್ನು ನಾನು ಆರಿಸಬೇಕೆಂದರೆ, ಹರಿಶ್ಚಂದ್ರನ ದೃಢತೆಯನ್ನು ಪ್ರೀತಿಸುತ್ತೇನೆ, ಯಶೋಧರನ ದೌರ್ಬಲ್ಯದಲ್ಲಿ ನನ್ನನ್ನು ಗುರುತಿಸಿಕೊಳ್ಳುತ್ತೇನೆ. ಹರಿಶ್ಚಂದ್ರನಾಗುವುದು ನಮ್ಮಲ್ಲಿ ಬಹುಮಂದಿಗೆ ಆಗದ ಮಾತು. ಹಿಟ್ಟಿನ ಕೋಳಿಯನ್ನು ಮಾತ್ರ ನಾವೆಲ್ಲ ಕಡಿದವರೇ.

ಜನ್ನ ಇದನ್ನು ಯಾರೆದುರು ಹೇಳಿದ ಎಂಬುದನ್ನೂ ಯೋಚಿಸಬೇಕು. ಹೊಯ್ಸಳರ ಲಾಂಛನ ಎಲ್ಲರಿಗೂ ಗೊತ್ತು. ಸೊಸೆವೂರಿನಲ್ಲಿ ಹುಲಿ ಮೇಲೆ ಬಿದ್ದಾಗ ಜೈನಮುನಿ ಸಳನಿಗೆ ‘ಹೊಯ್’ ಎಂದ, ಸಳ ಹೊಡೆದ, ವಂಶಕ್ಕೆ ಆ ಹೆಸರಾಯಿತು. ಬೇಲೂರಿನ ಬಾಗಿಲಲ್ಲಿಯೇ ಆ ಶಿಲ್ಪ ನಿಂತಿದೆ. ಐತಿಹ್ಯ ಆ ಮುನಿಯನ್ನು ಸುದತ್ತನೆಂದು ಕರೆಯುತ್ತದೆ. ‘ಯಶೋಧರ ಚರಿತೆ’ಯ ಗುರುವಿನ ಹೆಸರೂ ಸುದತ್ತ. ಈ ಹೆಸರು ಹಿಂದಿನ ಯಶೋಧರ ಕಾವ್ಯಗಳಿಂದಲೇ ಬಂದದ್ದು. ಜನ್ನ ಬೇಕೆಂದು ಇಟ್ಟದ್ದಲ್ಲ. ಆದರೂ ದೋರಸಮುದ್ರದ ಸಭೆಯಲ್ಲಿ ಈ ಕಾವ್ಯ ಕೇಳಿದವರ ಕಿವಿಗೆ ಅದು ತಟ್ಟದೆ ಹೋಗಿರಲಾರದು. ಒಬ್ಬ ಸುದತ್ತ ಹೊಯ್ ಎಂದು ರಾಜ್ಯ ಹುಟ್ಟಿಸಿದ. ಇನ್ನೊಬ್ಬ ಸುದತ್ತನ ಶಿಷ್ಯರು ಹಿಟ್ಟನ್ನೂ ಹೊಯ್ಯಬೇಡವೆಂದು ರಾಜನಿಗೆ ಹೇಳಿದರು. ರಾಜ್ಯ ನಡೆಸುವವನಿಗೆ ಈ ಎರಡು ಮಾತಿನ ನಡುವೆ ಇರುವ ಸಂಕಟ ಸಣ್ಣದಲ್ಲ.

ಆ ಸಂಕಟಕ್ಕೆ ಇನ್ನೊಂದು ಸಾಕ್ಷಿ ಹೊಯ್ಸಳೇಶ್ವರ ಗುಡಿಯ ಬಳಿಯಿರುವ ಗರುಡಗಂಬ. ವೀರಬಲ್ಲಾಳ ೧೨೨೦ರಲ್ಲಿ ತೀರಿಕೊಂಡಾಗ, ಒಡೆಯನೊಡನೆ ಸಾಯುವ ವ್ರತ ತೊಟ್ಟಿದ್ದ ಕುವರಲಕ್ಷ್ಮ ತನ್ನ ಪತ್ನಿ ಹಾಗೂ ಸಂಗಡಿಗರೊಂದಿಗೆ ಪ್ರಾಣ ತೆತ್ತದ್ದನ್ನು ಅದು ಹೇಳುತ್ತದೆ. ತಮ್ಮ ಕೊರಳನ್ನು ತಾವೇ ಕೊಯ್ದುಕೊಳ್ಳುವ ವೀರರನ್ನು ಕಂಬದ ಮೇಲೆ ಕೆತ್ತಿದ್ದಾರೆ. ಇದು ಸ್ವತಂತ್ರ ಇಚ್ಛೆಯೆ? ವ್ರತ ತೊಟ್ಟ ದಿನ ಅವನು ಸ್ವತಂತ್ರನಾಗಿದ್ದ ಎನ್ನಬಹುದು. ಒಡೆಯ ಸತ್ತ ದಿನ, ನಾಡೆಲ್ಲ ನೋಡುತ್ತಿರುವಾಗ, ಒಲ್ಲೆನೆನ್ನುವ ಅವಕಾಶ ಎಷ್ಟಿತ್ತು? ಅವನ ಜೊತೆ ಹೋದವರಿಗೆ ಎಷ್ಟಿತ್ತು? ಮೆಚ್ಚಿಕೆಯಿಂದ ಬರೆಸಿದ ಶಾಸನ ಇದನ್ನು ಕೇಳುವುದಿಲ್ಲ. ಆ ಕಾಲಕ್ಕೇ ಸೇರಿದ ಕಾವ್ಯ, ಬಲಿಗೆ ನಿಲ್ಲಿಸಿದ ಇಬ್ಬರು ಎಳೆಯರ ಬಾಯಿಂದ ಅರಸನನ್ನು ಕೇಳಿಸುತ್ತದೆ. ಕಾವ್ಯಕ್ಕೂ ಶಾಸನಕ್ಕೂ ಇರುವ ವ್ಯತ್ಯಾಸಗಳಲ್ಲಿ ಇದೂ ಒಂದು.

ಹಿಟ್ಟಿನ ಕೋಳಿಯ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. ಜನ್ನನ ಕಾವ್ಯದ ಬೆನ್ನಿಗೇ, ಅದೇ ಹದಿಮೂರನೆಯ ಶತಮಾನದಲ್ಲಿ, ಮಧ್ವಾಚಾರ್ಯರ ಪರಂಪರೆ ಯಜ್ಞದಲ್ಲಿ ಪಶುವಿನ ಬದಲು ಪಿಷ್ಟಪಶುವನ್ನು, ಎಂದರೆ ಹಿಟ್ಟಿನ ಪಶುವನ್ನು, ಒಪ್ಪಿತು. ಜೈನಕವಿಗೆ ಪಾಪದ ಮೂಲವಾಗಿ ಕಂಡದ್ದು ವೈದಿಕ ಆಚಾರ್ಯರಿಗೆ ಕರುಣೆಯ ದಾರಿಯಾಗಿ ಕಂಡಿತು. ಇಬ್ಬರೂ ಪ್ರಾಣಿಯನ್ನು ಉಳಿಸಲೆಂದೇ ಹೊರಟವರು. ಒಬ್ಬರು ಕೈಯನ್ನು ನೋಡಿದರು, ಒಬ್ಬರು ಮನಸ್ಸನ್ನು ನೋಡಿದರು. ಪ್ರಾಣಿಯ ಕಡೆಯಿಂದ ನೋಡಿದರೆ ಆಚಾರ್ಯರ ಮಾತೇ ಸರಿ, ಕುರಿ ಉಳಿಯಿತು. ಕಡಿಯುವವನ ಕಡೆಯಿಂದ ನೋಡಿದರೆ ಜನ್ನನ ಮಾತನ್ನು ತಳ್ಳಿಹಾಕಲಾಗದು; ಕಡಿಯುವ ಅಭ್ಯಾಸ ಹಾಗೆಯೇ ಉಳಿಯಿತು. ನಮ್ಮ ರಾಜ್ಯದಲ್ಲಿ ಪ್ರಾಣಿಬಲಿಯನ್ನು ತಡೆಯುವ ಕಾಯಿದೆ ೧೯೫೯ರಲ್ಲಿ ಬಂತು. ಆಯುಧಪೂಜೆಯ ದಿನ ನಾವು ಬೂದುಗುಂಬಳದೊಳಗೆ ಕುಂಕುಮ ತುಂಬಿ ಬೀದಿಯಲ್ಲಿ ಒಡೆಯುತ್ತೇವೆ. ಆ ಕೆಂಪು ಯಾವುದರ ನೆನಪೆಂದು ಯಾರೂ ಕೇಳುವುದಿಲ್ಲ. ಅದು ರಕ್ತದಿಂದ ದೂರ ಬಂದ ದಾರಿಯ ಗುರುತೋ, ರಕ್ತಕ್ಕಾಗಿ ಉಳಿದ ಆಸೆಯೋ? ಒಡೆಯುವವನ ಮನಸ್ಸನ್ನು ಬಿಟ್ಟು ಬೇರೆಲ್ಲಿಯೂ ಇದಕ್ಕೆ ಉತ್ತರವಿಲ್ಲ.

ಗಿರೀಶ ಕಾರ್ನಾಡರು ೧೯೮೦ರಲ್ಲಿ ‘ಹಿಟ್ಟಿನ ಹುಂಜ’ ನಾಟಕವನ್ನು ಪ್ರಕಟಿಸಿದಾಗ ಈ ಮನಸ್ಸನ್ನೇ ಕೈಗೆತ್ತಿಕೊಂಡರು. ಜನ್ಮಾಂತರಗಳನ್ನೆಲ್ಲ ಬಿಟ್ಟು ಕತೆಯನ್ನು ಒಂದು ರಾತ್ರಿಗೆ, ನಾಲ್ಕು ಜನರಿಗೆ ಇಳಿಸಿದರು. ಅವರಲ್ಲಿ ರಾಣಿಗೆ ತನ್ನದೇ ಆದ ಮಾತು ಸಿಕ್ಕಿತು. ಜನ್ನ ಅವಳಿಗೆ ಉಳಿಸಿದ್ದ ಸಾಲವನ್ನು ಎಂಟುನೂರು ವರ್ಷಗಳ ಸಮೀಪ ಬಂದು ಇನ್ನೊಬ್ಬ ಕನ್ನಡ ಲೇಖಕ ತೀರಿಸಿದಂತಾಯಿತು. ಆದರೆ ಮುಂದಿನ ಜನ್ಮಗಳನ್ನು ತೆಗೆದಾಗ ಒಂದು ನಷ್ಟವೂ ಆಯಿತು. ಕೊಂದವನೇ ಕೊಲೆಯಾಗುವ ಜೀವವಾಗಿ ಹುಟ್ಟಿ, ಕತ್ತಿಯ ಇನ್ನೊಂದು ಬದಿಯನ್ನು ಅರಿಯುವ ಅವಕಾಶ ನಾಟಕಕ್ಕಿಲ್ಲ. ಪುನರ್ಜನ್ಮವನ್ನು ನಂಬದ ಓದುಗನೂ ಜನ್ನನ ಆ ಭಾಗವನ್ನು ಒಂದು ಶಿಕ್ಷಣಕ್ರಮವಾಗಿ ಓದಬಹುದು. ಇನ್ನೊಬ್ಬರ ನೋವು ನನ್ನದಾಗುವವರೆಗೆ ನನ್ನ ಆಯ್ಕೆಗೆ ಕಣ್ಣಿರುವುದಿಲ್ಲ. ಕಣ್ಣಿಲ್ಲದ ಆಯ್ಕೆಯನ್ನು ಸ್ವಾತಂತ್ರ್ಯವೆನ್ನುವುದು ಹೇಗೆ? ಮಾರಿದತ್ತನ ಕೈಯಿಂದ ಕತ್ತಿ ಜಾರಿದ್ದು ಯಾವ ಶಾಸ್ತ್ರವಾಕ್ಯದಿಂದಲೂ ಅಲ್ಲ, ಒಂದು ಕತೆಯನ್ನು ಪೂರ್ತಿಯಾಗಿ ಕೇಳಿದ್ದರಿಂದ.

ಜನ್ನನ ಕಾವ್ಯ ಹುಟ್ಟಿ ಒಂದು ಶತಮಾನ ಕಳೆಯುವಷ್ಟರಲ್ಲಿ, ೧೩೧೧ರಲ್ಲಿ, ಮಲಿಕ್ ಕಾಫರನ ಸೈನ್ಯ ದೋರಸಮುದ್ರದ ಮೇಲೆ ಬಿತ್ತು. ಮುಂದೆ ತುಘಲಕರ ಕಾಲದಲ್ಲಿ ಮತ್ತೆ ದಾಳಿಯಾಗಿ ರಾಜಧಾನಿ ಪಾಳುಬಿದ್ದು ಹಳೆಯ ಬೀಡಾಯಿತು. ಇಷ್ಟು ದೊಡ್ಡ ಕೇಡಿಗೆ ಆ ಊರಿನ ಜನ ತಮ್ಮದೇ ಕಾರಣ ಕಟ್ಟಿಕೊಂಡರು. ಅರಸನ ತಂಗಿಯ ಮಕ್ಕಳಿಬ್ಬರು. ರಾಣಿ ಒಬ್ಬನಿಗೆ ಆಸೆಪಟ್ಟಳು. ಅವನು ಒಲ್ಲೆನೆಂದಾಗ ಸುಳ್ಳು ದೂರು ಹೇಳಿದಳು. ಅರಸು ವಿಚಾರಿಸದೆ ಇಬ್ಬರನ್ನೂ ಕೊಲ್ಲಿಸಿದ. ಮಕ್ಕಳನ್ನು ಕಳೆದುಕೊಂಡ ತಾಯಿ ಬೀದಿ ಬೀದಿಯಲ್ಲಿ ನೀರು ಕೇಳಿದಳು. ಅರಸನ ಭಯಕ್ಕೆ ಯಾರೂ ಕೊಡಲಿಲ್ಲ. ಕುಂಬಾರರ ಕೇರಿಯಲ್ಲಿ ಮಾತ್ರ ಕೊಟ್ಟರು. ಆ ಕೇರಿಯೊಂದು ಉಳಿದು ಮಿಕ್ಕ ಊರೆಲ್ಲ ಹಾಳಾಗಲೆಂದು ಅವಳು ಶಪಿಸಿದಳು.

ಇತಿಹಾಸಕಾರರು ಇದನ್ನು ಒಪ್ಪಬೇಕಾಗಿಲ್ಲ. ರಾಜಧಾನಿಗಳು ಶಾಪದಿಂದ ಬೀಳುವುದಿಲ್ಲ. ಶಾಪಕ್ಕೆ ತುತ್ತಾದವರಲ್ಲಿ ತಪ್ಪು ಮಾಡದ ಹಸುಗೂಸುಗಳೂ ಇದ್ದಿರಬೇಕಲ್ಲ ಎಂದು ಕೇಳಿದರೆ ಆ ಕತೆಯೂ ನಮ್ಮ ಹಳೆಯ ಪ್ರಶ್ನೆಗೇ ಬಂದು ನಿಲ್ಲುತ್ತದೆ. ಆದರೆ ಕತೆ ಕಟ್ಟಿದ ಜನ ಒಂದು ವಿಷಯದಲ್ಲಿ ಜನ್ನನೊಡನೆ ಒಂದೇ ಮನಸ್ಸಿನವರು. ಅರಸನ ಆಜ್ಞೆಯಿತ್ತು, ಭಯವಿತ್ತು, ಎಲ್ಲರೂ ಬಾಗಿಲು ಹಾಕಿಕೊಂಡಿದ್ದರು. ಹಾಗಿದ್ದೂ ಒಂದು ಕೇರಿಯಲ್ಲಿ ಯಾರೋ ತಂಬಿಗೆ ಎತ್ತಿ ನೀರು ಕೊಟ್ಟರು. ಕೊಡದೆ ಇರಬಹುದಾಗಿತ್ತು. ೨೦೨೩ರಲ್ಲಿ ಬೇಲೂರು ಹಳೇಬೀಡುಗಳ ಗುಡಿಗಳು ಸೋಮನಾಥಪುರದೊಂದಿಗೆ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನೋಡಲು ಬರುವವರು ಬರುತ್ತಲೇ ಇರುತ್ತಾರೆ. ಅವರು ಕಲ್ಲಿನ ಕುಸುರಿಯ ಜೊತೆಗೆ ಜನ್ನನ ಆ ಪುಟ್ಟ ಕಾವ್ಯವನ್ನೂ ನೆನೆಯಬೇಕು. ಲೋಕದಲ್ಲಿ ಕೇಡು ಏಕಿದೆ ಎಂಬುದಕ್ಕೆ ಅದು ಪೂರ್ತಿಯಾದ ಉತ್ತರ ಕೊಡುವುದಿಲ್ಲ. ಕೇಡು ನಮ್ಮ ಕೈಗೆ ಬಂದು ಸೇರುವುದು ಎಷ್ಟು ಸಣ್ಣ ಬಾಗಿಲಿನಿಂದ ಎಂಬುದನ್ನು ತೋರಿಸುತ್ತದೆ. ಆ ಬಾಗಿಲ ಅಗುಳಿ ಒಳಗಡೆಗೇ ಇದೆ ಎಂಬುದನ್ನೂ ತೋರಿಸುತ್ತದೆ.